ಯಾವ ಟೆಸ್ಟ್ ಹಾಕಲಿ? ಮೊದಲು ಡೇಟಾ ಎಲ್ಲಿಂದ ಬಂತು ಹೇಳಿ

ಎಂಎಸ್ಸಿ ಪ್ರಾಜೆಕ್ಟ್ ಇರಲಿ, ನರ್ಸಿಂಗ್ ಡಿಸರ್ಟೇಶನ್ ಇರಲಿ, ಪಿಎಚ್‌ಡಿ ಇರಲಿ, ಕೊನೆಯ ತಿಂಗಳಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಡೇಟಾ ಎಲ್ಲ ಎಕ್ಸೆಲ್‌ನಲ್ಲಿದೆ, ಈಗ ಸ್ಟ್ಯಾಟಿಸ್ಟಿಕ್ಸ್‌ನ ಯಾವ ಟೆಸ್ಟ್ ಹಾಕಲಿ? ಬರೀ ಎಕ್ಸೆಲ್ ಶೀಟ್ ನೋಡಿ ಇದಕ್ಕೆ ಉತ್ತರ ಹೇಳಲು ಆಗುವುದಿಲ್ಲ. ಅಲ್ಲಿ ಕಾಣುವುದು ಎರಡು ಕಾಲಂ ಅಂಕಿ ಅಷ್ಟೇ. ಆ ಅಂಕಿ ಯಾರಿಂದ ಬಂತು, ಒಬ್ಬೊಬ್ಬರನ್ನು ಎಷ್ಟು ಸಲ ಅಳೆದಿರಿ, ಅಳೆದದ್ದು ಏನನ್ನು, ಇಷ್ಟು ಗೊತ್ತಾದರೆ ಮುಕ್ಕಾಲು ಪಾಲು ಕೆಲಸ ಮುಗಿದ ಹಾಗೆ. ಗೊತ್ತಿಲ್ಲದೆ ಸುಮ್ನೆ ಒಂದು ಟೆಸ್ಟ್ ಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ನೂರು ವರ್ಷಕ್ಕಿಂತ ಹಳೆಯ ಒಂದು ಡೇಟಾ ನೋಡೋಣ.

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ 'ಸ್ಟೂಡೆಂಟ್' ಎಂಬ ಹೆಸರಿಟ್ಟುಕೊಂಡು ಒಂದು ಲೇಖನ ಬರೆದರು. ಸರಾಸರಿಗಳನ್ನು ಹೋಲಿಸಲು ಇವತ್ತು ನಾವು ಹಾಕುವ ಟಿ-ಟೆಸ್ಟ್ ಅಲ್ಲಿಂದ ಬಂದದ್ದು. ಅದರಲ್ಲಿ ಅವರು ತೆಗೆದುಕೊಂಡ ಒಂದು ಉದಾಹರಣೆ ನಿದ್ದೆ ಔಷಧಿಯದ್ದು. ಹತ್ತು ರೋಗಿಗಳು, ಎರಡು ಔಷಧಿ. ಪ್ರತಿಯೊಬ್ಬರಿಗೂ ಎರಡನ್ನೂ ಬೇರೆ ಬೇರೆ ಹೊತ್ತಿನಲ್ಲಿ ಕೊಟ್ಟು, ಮಾಮೂಲಿಗಿಂತ ಎಷ್ಟು ಗಂಟೆ ಜಾಸ್ತಿ ನಿದ್ದೆ ಬಂತು ಅಂತ ಬರೆದಿಟ್ಟಿದ್ದರು. ಮೊದಲನೆಯ ಔಷಧಿಗೆ ಸರಾಸರಿ 0.75 ಗಂಟೆ, ಎರಡನೆಯದಕ್ಕೆ 2.33 ಗಂಟೆ. ಆರ್ ಸಾಫ್ಟ್‌ವೇರ್ ಇದ್ದವರಿಗೆ ಈ ಡೇಟಾ 'ಸ್ಲೀಪ್' ಅನ್ನುವ ಹೆಸರಿನಲ್ಲಿ ಅದರೊಳಗೇ ಸಿಗುತ್ತದೆ, ನೀವೇ ಮಾಡಿ ನೋಡಬಹುದು.

ಈಗ ಈ ಇಪ್ಪತ್ತು ಅಂಕಿಗಳನ್ನು ಬೇರೆ ಬೇರೆ ಜನರ ಎರಡು ಗುಂಪು ಅಂದುಕೊಂಡು ಸಾಮಾನ್ಯ ಟಿ-ಟೆಸ್ಟ್ ಹಾಕಿದರೆ ಪಿ-ವ್ಯಾಲ್ಯೂ 0.079 ಬರುತ್ತದೆ (ಇದರ ಅರ್ಥ ಮುಂದೆ ನೋಡೋಣ; ಸಾಮಾನ್ಯವಾಗಿ 0.05ಕ್ಕಿಂತ ಕಡಿಮೆ ಬಂದರೆ 'ಸಿಗ್ನಿಫಿಕೆಂಟ್' ಅನ್ನುತ್ತಾರೆ). "ವ್ಯತ್ಯಾಸ ಸಿಗ್ನಿಫಿಕೆಂಟ್ ಅಲ್ಲ" ಅಂತ ಬರೆದು ಕೈ ತೊಳೆದುಕೊಳ್ಳುತ್ತೇವೆ. ಅದೇ ಅಂಕಿಗಳಿಗೆ ಪೇರ್ಡ್ ಟಿ-ಟೆಸ್ಟ್ ಹಾಕಿದರೆ 0.0028. ಅಂಕಿ ಒಂದೂ ಬದಲಾಗಿಲ್ಲ. ಒಬ್ಬರನ್ನೇ ಎರಡು ಸಲ ಅಳೆದಿದ್ದಾರೆ ಅನ್ನುವುದನ್ನು ಮೊದಲ ಟೆಸ್ಟಿಗೆ ನಾವು ಹೇಳಲಿಲ್ಲ, ಎರಡನೆಯದಕ್ಕೆ ಹೇಳಿದೆವು, ಅಷ್ಟೇ ವ್ಯತ್ಯಾಸ.

ಯಾಕೆ ಹೀಗೆ? ಏಳನೆಯ ರೋಗಿಯನ್ನು ನೋಡಿ. ಒಂದರಲ್ಲಿ 3.7 ಗಂಟೆ ಜಾಸ್ತಿ, ಇನ್ನೊಂದರಲ್ಲಿ 5.5. ಇವರಿಗೆ ಏನು ಕೊಟ್ಟರೂ ಒಳ್ಳೆಯ ನಿದ್ದೆ. ಎರಡನೆಯ ರೋಗಿಗೆ ಮೊದಲ ಔಷಧಿಯಿಂದ ನಿದ್ದೆ 1.6 ಗಂಟೆ ಕಡಿಮೆಯೇ ಆಗಿದೆ, ಎರಡನೆಯದರಿಂದ 0.8 ಜಾಸ್ತಿ. ಮನುಷ್ಯರ ನಡುವೆಯೇ ಇಷ್ಟು ಏರುಪೇರು ಇದ್ದಾಗ ಔಷಧಿಗಳ ನಡುವಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ಪೇರ್ಡ್ ಟೆಸ್ಟ್ ಒಬ್ಬೊಬ್ಬರ ಎರಡು ಅಂಕಿಯನ್ನು ಕಳೆದು ಬರೀ ವ್ಯತ್ಯಾಸ ಇಟ್ಟುಕೊಳ್ಳುತ್ತದೆ: 1.2, 2.4, 1.3, 1.3, 0, 1.0, 1.8, 0.8, 4.6, 1.4. ಸರಾಸರಿ 1.58. ಸ್ಟ್ಯಾಂಡರ್ಡ್ ಡೀವಿಯೇಶನ್, ಅಂದರೆ ಅಂಕಿಗಳು ಸರಾಸರಿಯ ಸುತ್ತ ಎಷ್ಟು ಚದುರಿವೆ ಅನ್ನುವ ಅಳತೆ, 1.23. ಅದನ್ನು ಹತ್ತರ ವರ್ಗಮೂಲದಿಂದ ಭಾಗಿಸಿದರೆ 0.39, ಇದು ಸ್ಟ್ಯಾಂಡರ್ಡ್ ಎರರ್, ಸರಾಸರಿಯೇ ಎಷ್ಟು ಏರುಪೇರಾಗಬಹುದು ಅನ್ನುವ ಅಳತೆ. 1.58ನ್ನು ಅದರಿಂದ ಭಾಗಿಸಿದರೆ ಟಿ ಸುಮಾರು 4.06. ಕ್ಯಾಲ್ಕುಲೇಟರ್‌ನಲ್ಲೇ ಆಗುವ ಲೆಕ್ಕ. ಒಂದು ಸಲ ಕೈಯಲ್ಲಿ ಮಾಡಿ ನೋಡಿ, ಟಿ ಅಂದರೆ ಏನು ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪಿ-ವ್ಯಾಲ್ಯೂ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೇಲಿನ ಹತ್ತು ವ್ಯತ್ಯಾಸಗಳನ್ನೇ ಇನ್ನೊಮ್ಮೆ ನೋಡಿ. ಒಂದು ಸೊನ್ನೆ, ಉಳಿದ ಒಂಬತ್ತೂ ಪ್ಲಸ್. ಎರಡೂ ಔಷಧಿ ಒಂದೇ ತರ ಅಂತ ವಾದಕ್ಕೆ ಒಪ್ಪಿಕೊಳ್ಳೋಣ. ಇದೇ ನಲ್ ಹೈಪೋಥಿಸಿಸ್. ಹಾಗಿದ್ದರೆ ವ್ಯತ್ಯಾಸ ಪ್ಲಸ್ ಬರುವುದೂ ಮೈನಸ್ ಬರುವುದೂ ನಾಣ್ಯ ಚಿಮ್ಮಿದ ಹಾಗೆ ಅರ್ಧ ಅರ್ಧ ಇರಬೇಕು. ಒಂಬತ್ತಕ್ಕೆ ಒಂಬತ್ತೂ ಒಂದೇ ಕಡೆ ಬೀಳುವ ಸಾಧ್ಯತೆ 512ಕ್ಕೆ 2, ಅಂದರೆ ಸುಮಾರು 0.004. ಇದೇ ಒಂದು ಪೂರ್ತಿ ಟೆಸ್ಟ್, ಸೈನ್ ಟೆಸ್ಟ್ ಅನ್ನುತ್ತಾರೆ. ಹೈಪೋಥಿಸಿಸ್ ಟೆಸ್ಟಿಂಗ್‌ನ ತಿರುಳೂ ಇಷ್ಟೇ. ಏನೂ ವ್ಯತ್ಯಾಸ ಇಲ್ಲ ಅಂದುಕೊಳ್ಳಿ, ಆಗ ನಿಮ್ಮ ಕೈಯಲ್ಲಿರುವಂಥ ಫಲಿತಾಂಶ, ಅಥವಾ ಅದಕ್ಕಿಂತಲೂ ವಿಪರೀತದ್ದು, ಎಷ್ಟು ಅಪರೂಪಕ್ಕೆ ಬರುತ್ತದೆ ಅಂತ ಲೆಕ್ಕ ಹಾಕಿ. ಆ ಅಂಕಿಯೇ ಪಿ-ವ್ಯಾಲ್ಯೂ.

ವೈವಾದಲ್ಲಿ ಜಾಸ್ತಿ ಜನ ಮುಗ್ಗರಿಸುವುದು ಇಲ್ಲೇ. 0.03 ಬಂದರೆ "ನಲ್ ಹೈಪೋಥಿಸಿಸ್ ಸರಿ ಇರುವ ಸಾಧ್ಯತೆ 3 ಪರ್ಸೆಂಟ್" ಅಂತ ಹೇಳಿಬಿಡುತ್ತಾರೆ. ಅಲ್ಲ. ನಲ್ ಸರಿ ಅಂತ ಒಪ್ಪಿಕೊಂಡೇ ಲೆಕ್ಕ ಶುರು ಮಾಡಿದ್ದು, ಅಲ್ವಾ? ಅದೇ ಲೆಕ್ಕ ತಿರುಗಿ ನಲ್ ಎಷ್ಟು ಸರಿ ಅಂತ ಹೇಗೆ ಹೇಳೀತು. ಇನ್ನೊಂದು ಕಡೆ, 0.079 ಬಂದರೆ ವ್ಯತ್ಯಾಸ ಇಲ್ಲ ಅಂತ ಸಾಬೀತಾಯಿತು ಅನ್ನುವುದೂ ತಪ್ಪು. ವ್ಯತ್ಯಾಸ ಇದ್ದೂ ಸ್ಯಾಂಪಲ್ ಚಿಕ್ಕದಾಗಿ ಅದು ಕಾಣದೇ ಹೋಗಿರಬಹುದು, ಅಥವಾ ಮೇಲೆ ನೋಡಿದ ಹಾಗೆ ಟೆಸ್ಟೇ ತಪ್ಪಿರಬಹುದು.

0.05 ಅನ್ನುವ ಗೆರೆಯೂ ಆಕಾಶದಿಂದ ಇಳಿದದ್ದಲ್ಲ. ರೊನಾಲ್ಡ್ ಫಿಶರ್ 1925ರ ತಮ್ಮ ಪುಸ್ತಕದಲ್ಲಿ ಅದನ್ನು ಅನುಕೂಲಕ್ಕೆ ಅಂತ ಬಳಸಿದರು, ನಾವು ಹಿಡಿದುಕೊಂಡು ಕೂತಿದ್ದೇವೆ. ಅಮೆರಿಕದ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಶನ್ 2016ರಲ್ಲಿ ಒಂದು ಹೇಳಿಕೆಯನ್ನೇ ಹೊರಡಿಸಿತು, ಪಿ-ವ್ಯಾಲ್ಯೂ ಒಂದು ಗೆರೆ ದಾಟಿತೋ ಇಲ್ಲವೋ ಅನ್ನುವುದನ್ನೇ ನೋಡಿ ತೀರ್ಮಾನ ಮಾಡಬೇಡಿ ಅಂತ. 0.049 ಬಂದವರು ಸಿಹಿ ಹಂಚುವುದು, 0.051 ಬಂದವರು ಅಳುವುದು, ಎರಡಕ್ಕೂ ಅರ್ಥವಿಲ್ಲ.

ಟೆಸ್ಟ್ ಆರಿಸುವುದು

ಮೊದಲು ಕೇಳಿಕೊಳ್ಳಬೇಕಾದದ್ದು, ನೀವು ಅಳೆದ ಫಲಿತಾಂಶ ಅಂಕಿಯೋ ಎಣಿಕೆಯೋ ಅಂತ. ಬಿಪಿ, ತೂಕ, ಇಳುವರಿ, ಅಂಕ ಇವೆಲ್ಲ ಅಂಕಿ. ರೋಗ ಬಂತು ಅಥವಾ ಬರಲಿಲ್ಲ, ಪಾಸು ಅಥವಾ ಫೇಲು, ಇಂಥದ್ದರಲ್ಲಿ ನಮ್ಮ ಕೈಗೆ ಸಿಗುವುದು ಎಷ್ಟು ಜನ ಅನ್ನುವ ಎಣಿಕೆ.

ಎಣಿಕೆ ಆದರೆ ಸಾಮಾನ್ಯವಾಗಿ ಕೈ-ಸ್ಕ್ವೇರ್ ಟೆಸ್ಟ್. 1954ರ ಸಾಕ್ ಪೋಲಿಯೊ ಲಸಿಕೆಯ ಪ್ರಯೋಗ ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದಲ್ಲಿ ಸುಮಾರು 2 ಲಕ್ಷ ಮಕ್ಕಳಿಗೆ ಲಸಿಕೆ, ಇನ್ನು ಸುಮಾರು 2 ಲಕ್ಷ ಮಕ್ಕಳಿಗೆ ಔಷಧಿಯಿಲ್ಲದ ಬರೀ ಇಂಜೆಕ್ಷನ್. ಪೋಲಿಯೊ ಬಂದದ್ದು ಲಕ್ಷಕ್ಕೆ 28 ಮತ್ತು 71ರ ದರದಲ್ಲಿ. ಎರಡು ಸಾಲು, ಎರಡು ಕಾಲಂ, ನಾಲ್ಕು ಎಣಿಕೆ. ಲಸಿಕೆಗೂ ರೋಗಕ್ಕೂ ಸಂಬಂಧವೇ ಇಲ್ಲ ಅಂದರೆ ಈ ಟೇಬಲ್‌ನ ಪ್ರತಿ ಮನೆಯಲ್ಲಿ (ಚೌಕದಲ್ಲಿ) ಎಷ್ಟು ಇರಬೇಕಿತ್ತು, ನಿಜವಾಗಿ ಎಷ್ಟಿದೆ, ಇದರ ಅಂತರವನ್ನೇ ಕೈ-ಸ್ಕ್ವೇರ್ ಅಳೆಯುವುದು. ಹೀಗೆ 'ಇರಬೇಕಿದ್ದ' ಎಣಿಕೆ ಯಾವುದಾದರೂ ಮನೆಯಲ್ಲಿ 5ಕ್ಕಿಂತ ಕಡಿಮೆ ಬಂದರೆ ಫಿಶರ್ಸ್ ಎಕ್ಸಾಕ್ಟ್ ಟೆಸ್ಟ್ ಹಾಕಿ. ಒಬ್ಬರನ್ನೇ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಹೌದು-ಅಲ್ಲ ಅಂತ ಕೇಳಿದ್ದರೆ, ಉದಾಹರಣೆಗೆ ತರಬೇತಿಗೆ ಮೊದಲು ಗೊತ್ತಿತ್ತಾ, ಆಮೇಲೆ ಗೊತ್ತಾಯಿತಾ ಅಂತ, ಆಗ ಕೈ-ಸ್ಕ್ವೇರ್ ಅಲ್ಲ, ಮೆಕ್‌ನೆಮಾರ್.

ಫಲಿತಾಂಶ ಅಂಕಿಯಾದರೆ ಮುಂದಿನ ಪ್ರಶ್ನೆ, ಗುಂಪು ಎಷ್ಟು, ಎಲ್ಲ ಗುಂಪಿನಲ್ಲೂ ಅದೇ ಜನರಾ ಅಥವಾ ಬೇರೆ ಬೇರೆಯವರಾ. ಎರಡು ಗುಂಪು, ಬೇರೆ ಜನ: ಟಿ-ಟೆಸ್ಟ್. ಅದರಲ್ಲೂ ವೆಲ್ಚ್ ಟಿ-ಟೆಸ್ಟ್ ಹಾಕಿ ಅಂತ ನನ್ನ ಸಲಹೆ. ಎರಡೂ ಗುಂಪಿನ ಏರುಪೇರು ಒಂದೇ ಇರಬೇಕು ಅನ್ನುವ ಷರತ್ತು ಅದಕ್ಕಿಲ್ಲ, ಹಾಗಾಗಿ ಮೊದಲು ಏರುಪೇರು ಒಂದೇ ಇದೆಯಾ ನೋಡುವ ಲೆವೀನ್ ಟೆಸ್ಟ್ ಮಾಡಿ ಆಮೇಲೆ ಸಾಫ್ಟ್‌ವೇರ್ ಕೊಟ್ಟ ಟೇಬಲ್‌ನಲ್ಲಿ ಯಾವ ಸಾಲು ಓದಬೇಕು ಅನ್ನುವ ತಲೆನೋವು ಇರುವುದಿಲ್ಲ. ಎರಡು ಅಳತೆ, ಅದೇ ಜನ: ಪೇರ್ಡ್ ಟಿ. ಮೂರು ಅಥವಾ ಜಾಸ್ತಿ ಗುಂಪು, ಬೇರೆ ಜನ: ಎಲ್ಲ ಸರಾಸರಿಗಳನ್ನೂ ಒಟ್ಟಿಗೆ ಹೋಲಿಸುವ ಅನೋವಾ. ಅದೇ ಜನರನ್ನು ಮೂರ್ನಾಲ್ಕು ಸಲ ಅಳೆದಿದ್ದರೆ ರಿಪೀಟೆಡ್ ಮೆಶರ್ಸ್ ಅನೋವಾ. ಫಲಿತಾಂಶದ ಜೊತೆಗೆ ಇನ್ನೊಂದು ಅಂಕಿ ಇದ್ದು ಇವೆರಡಕ್ಕೂ ಸಂಬಂಧ ಇದೆಯಾ ನೋಡಬೇಕಿದ್ದರೆ ಕೋರಿಲೇಶನ್ ಅಥವಾ ರಿಗ್ರೆಶನ್.

ಅನೋವಾ ಯಾಕೆ, ಜೋಡಿ ಜೋಡಿಯಾಗಿ ಟಿ-ಟೆಸ್ಟ್ ಹಾಕಿದರೆ ಆಗುವುದಿಲ್ವಾ ಅಂತ ಕೇಳುತ್ತಾರೆ. ಒಂದೊಂದು ಟೆಸ್ಟಿಗೂ ಸುಳ್ಳು ಎಚ್ಚರಿಕೆ ಬರುವ 5 ಪರ್ಸೆಂಟ್ ಅಪಾಯ ಇರುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದ 20 ಟೆಸ್ಟ್ ಹಾಕಿದರೆ, ನಿಜವಾಗಿ ಏನೂ ಇಲ್ಲದಿದ್ದರೂ ಒಂದಾದರೂ 'ಸಿಗ್ನಿಫಿಕೆಂಟ್' ಬರುವ ಸಾಧ್ಯತೆ 64 ಪರ್ಸೆಂಟ್. ಹಾಗಾಗಿ ಮೊದಲು ಒಟ್ಟಿಗೆ ಅನೋವಾ, ಆಮೇಲೆ ಯಾವ ಜೋಡಿ ಬೇರೆ ಅಂತ ನೋಡಲು ಟ್ಯೂಕಿ ಟೆಸ್ಟ್. ಪ್ರಶ್ನಾವಳಿಯ 40 ಪ್ರಶ್ನೆಗೂ ಒಂದೊಂದು ಕೈ-ಸ್ಕ್ವೇರ್ ಹಾಕಿ, ಸಿಗ್ನಿಫಿಕೆಂಟ್ ಅನ್ನುವ ನಕ್ಷತ್ರ ಚಿಹ್ನೆ ಬಿದ್ದ ಎರಡನ್ನು ಮಾತ್ರ ಥೀಸಿಸ್‌ನಲ್ಲಿ ಹಿಗ್ಗಿಸಿ ಬರೆಯುವವರಿಗೂ ಇದೇ ಮಾತು.

ನಾರ್ಮಲ್ ಅಲ್ಲದಿದ್ದರೆ?

ನಾರ್ಮಲ್ ಅಂದರೆ ಅಂಕಿಗಳು ಸರಾಸರಿಯ ಎರಡೂ ಕಡೆ ಗಂಟೆಯಾಕಾರದಲ್ಲಿ ಹರಡಿರುವುದು. ಹಾಗಿಲ್ಲದಿದ್ದರೆ ಹೆದರುವವರು ಜಾಸ್ತಿ. ಸಾಫ್ಟ್‌ವೇರ್ ತೆರೆದ ಕೂಡಲೇ ನಾರ್ಮಲ್ ಹೌದೋ ಅಲ್ಲವೋ ನೋಡುವ ಶಾಪಿರೊ-ವಿಲ್ಕ್ ಟೆಸ್ಟ್ ಹಾಕಿ, 0.05ಕ್ಕಿಂತ ಕಡಿಮೆ ಬಂದರೆ ಗಾಬರಿ. ಆ ಟೆಸ್ಟಿನ ಸಮಸ್ಯೆ ಏನೆಂದರೆ, ಹತ್ತು ಅಂಕಿ ಇದ್ದಾಗ, ಅಂದರೆ ನಿಜವಾಗಿ ಚಿಂತೆ ಮಾಡಬೇಕಾದಾಗ, ಅದಕ್ಕೆ ಹಿಡಿಯುವ ಶಕ್ತಿ ಇರುವುದಿಲ್ಲ. ಸಾವಿರ ಅಂಕಿ ಇದ್ದಾಗ, ಸರಾಸರಿಗೆ ಏನೂ ತೊಂದರೆ ಇಲ್ಲದಿದ್ದರೂ, ಸಣ್ಣಪುಟ್ಟ ಸೊಟ್ಟಕ್ಕೂ ಬೊಬ್ಬೆ ಹಾಕುತ್ತದೆ. ಗ್ರಾಫ್ ಹಾಕಿ ಕಣ್ಣಿನಿಂದ ನೋಡುವುದು ವಾಸಿ. ನೋಡಬೇಕಾದದ್ದೂ ಎಲ್ಲ ಅಂಕಿಯನ್ನು ಒಂದೇ ರಾಶಿ ಮಾಡಿ ಅಲ್ಲ. ಪೇರ್ಡ್ ಆದರೆ ವ್ಯತ್ಯಾಸಗಳನ್ನು, ಗುಂಪುಗಳಾದರೆ ಒಂದೊಂದು ಗುಂಪಿನೊಳಗೆ.

ತೀರಾ ಸೊಟ್ಟ ಇದ್ದರೆ, ಸ್ಯಾಂಪಲ್ಲೂ ಚಿಕ್ಕದಿದ್ದರೆ ಅಂಕಿಯ ಬದಲು ಅದರ ರ‍್ಯಾಂಕ್ (ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿದಾಗ ಎಷ್ಟನೆಯದು) ಮೇಲೆ ನಡೆಯುವ ಟೆಸ್ಟ್‌ಗಳಿವೆ. ಬೇರೆ ಜನರ ಎರಡು ಗುಂಪಿಗೆ ಮ್ಯಾನ್-ವಿಟ್ನಿ, ಪೇರ್ಡ್‌ಗೆ ವಿಲ್ಕಾಕ್ಸನ್, ಮೂರು ಗುಂಪಿಗೆ ಕ್ರುಸ್ಕಲ್-ವಾಲಿಸ್, ಅದೇ ಜನರ ಮೂರು ಅಳತೆಗೆ ಫ್ರೀಡ್‌ಮನ್ (ಅರ್ಥಶಾಸ್ತ್ರದಲ್ಲಿ ನೊಬೆಲ್ ಪಡೆದ ಮಿಲ್ಟನ್ ಫ್ರೀಡ್‌ಮನ್ ಅವರದ್ದೇ ಇದು). ನಿದ್ದೆ ಡೇಟಾದಲ್ಲಿ 4.6 ಅನ್ನುವ ಒಂದು ಅಂಕಿ ಉಳಿದವುಗಳಿಂದ ದೂರ ನಿಂತಿದೆ, ನೋಡಿದಿರಾ? ಅದರ ಬಗ್ಗೆ ಅನುಮಾನ ಇದ್ದರೆ ವಿಲ್ಕಾಕ್ಸನ್ ಹಾಕಿ. 0.009 ಬರುತ್ತದೆ. ತೀರ್ಮಾನ ಅದೇ. ಎರಡು ದಾರಿಯಲ್ಲೂ ಒಂದೇ ಉತ್ತರ ಬಂದರೆ ನಿಶ್ಚಿಂತೆ.

ನಿಜವಾಗಿ ಥೀಸಿಸ್ ಕೆಡಿಸುವುದು ನಾರ್ಮಲ್ ವಿಷಯ ಅಲ್ಲ, ಎನ್, ಅಂದರೆ ಸ್ಯಾಂಪಲ್ ಸಂಖ್ಯೆ, ಎಷ್ಟು ಅನ್ನುವುದು. 5 ರಾಗಿ ತಾಕಿಗೆ ಗೊಬ್ಬರ ಹಾಕಿ, 5 ತಾಕಿಗೆ ಹಾಕದೆ, ಒಂದೊಂದರಲ್ಲಿ 20 ತೆನೆ ತೂಗಿದಿರಿ ಅಂದುಕೊಳ್ಳಿ. ಎಕ್ಸೆಲ್‌ನಲ್ಲಿ 200 ಸಾಲು. ಆದರೆ ಗೊಬ್ಬರ ಬಿದ್ದದ್ದು ತೆನೆಗಲ್ಲ, ತಾಕಿಗೆ. ಒಂದೇ ತಾಕಿನ ತೆನೆಗಳು ಅದೇ ಮಣ್ಣು, ಅದೇ ನೀರು ಕುಡಿದು ಬೆಳೆದವು, ಅವು 20 ಬೇರೆ ಬೇರೆ ಸಾಕ್ಷಿ ಅಲ್ಲ. 200 ಅಂತ ಹಾಕಿದರೆ ಪಿ-ವ್ಯಾಲ್ಯೂ ಸುಳ್ಳುಸುಳ್ಳೇ ಇಳಿದುಬಿಡುತ್ತದೆ. ಸುಲಭದ ದಾರಿ, ಪ್ರತಿ ತಾಕಿನ ಸರಾಸರಿ ತೆಗೆದು 5ಕ್ಕೆ 5 ಹೋಲಿಸುವುದು. ಶಾಲೆ, ವಾರ್ಡು, ಹಳ್ಳಿ ಹೀಗೆ ಗುಂಪು ಗುಂಪಾಗಿ ಡೇಟಾ ತಂದವರೆಲ್ಲ ಇದನ್ನು ನೋಡಿಕೊಳ್ಳಬೇಕು. ಗುಂಪು ಜಾಸ್ತಿ ಇದ್ದರೆ ಮಿಕ್ಸೆಡ್ ಮಾಡೆಲ್ (ಇಂಥ ಗುಂಪುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ವಿಧಾನ) ಬಲ್ಲವರ ಹತ್ತಿರ ಹೋಗಿ.

ಒಂದೇ ದಿಕ್ಕಿನ ವ್ಯತ್ಯಾಸ ಮಾತ್ರ ನೋಡುವ ಒನ್-ಟೇಲ್ಡ್ ಟೆಸ್ಟ್ ಬೇಕಿದ್ದರೆ ಡೇಟಾ ಸಂಗ್ರಹಿಸುವ ಮೊದಲೇ ಸಿನಾಪ್ಸಿಸ್‌ನಲ್ಲಿ ಬರೆದಿರಬೇಕು. ಪಿ-ವ್ಯಾಲ್ಯೂ 0.08 ಬಂದ ಮೇಲೆ ಅರ್ಧ ಮಾಡಿಕೊಳ್ಳಲು ಅಂತ ಅದನ್ನು ಹಾಕುವುದು ಮೋಸ.

ಇನ್ನು ಫಲಿತಾಂಶ ಬರೆಯುವುದು. ಬರೀ "ಪಿ 0.05ಕ್ಕಿಂತ ಕಡಿಮೆ" ಅಂತ ಬರೆದರೆ ಓದುವವರಿಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ: ಎರಡನೆಯ ಔಷಧಿಯಿಂದ ಸರಾಸರಿ 1.58 ಗಂಟೆ ಜಾಸ್ತಿ ನಿದ್ದೆ ಬಂತು, 95 ಪರ್ಸೆಂಟ್ ಕಾನ್ಫಿಡೆನ್ಸ್ ಇಂಟರ್ವಲ್ 0.70ರಿಂದ 2.46 ಗಂಟೆ, ಪೇರ್ಡ್ ಟಿ 4.06, ಡಿಗ್ರೀಸ್ ಆಫ್ ಫ್ರೀಡಂ 9, ಪಿ 0.003. (ಇಲ್ಲಿ ಡಿಗ್ರೀಸ್ ಆಫ್ ಫ್ರೀಡಂ ಅಂದರೆ ಹತ್ತು ಜೋಡಿಯಲ್ಲಿ ಒಂದು ಕಳೆದದ್ದು.) ನಿಜವಾದ ವ್ಯತ್ಯಾಸ ಮುಕ್ಕಾಲು ಗಂಟೆಗಿಂತ ಚೂರು ಕಡಿಮೆಯೂ ಇರಬಹುದು, ಎರಡೂವರೆ ಗಂಟೆಯ ಹತ್ತಿರವೂ ಇರಬಹುದು ಅನ್ನುವುದು ಇದರಿಂದ ಡಾಕ್ಟರಿಗೆ ತಿಳಿಯುತ್ತದೆ, ಅವರಿಗೆ ಬೇಕಾದದ್ದೂ ಅದೇ. ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಪಿ-ವ್ಯಾಲ್ಯೂ 0.000 ಅಂತ ತೋರಿಸಿದರೆ ಹಾಗೇ ನಕಲು ಮಾಡಬೇಡಿ, ಪಿ 0.001ಕ್ಕಿಂತ ಕಡಿಮೆ ಅಂತ ಬರೆಯಿರಿ.