ಟಿಲ್ಟ್ ಇರುವ ಪವರ್ ವೀಲ್‌ಚೇರ್: ಕೇಬಲ್ ಟೈ ಬಿಗಿಯುವ ಮುಂಚೆ

ಜಾಯ್‌ಸ್ಟಿಕ್ ಕೇಬಲ್‌ಗೆ ಟೈ ಹಾಕುವ ಮುಂಚೆ, ಕೂತವರನ್ನು ಇಳಿಸಿ ಸೀಟನ್ನು ಪೂರ್ತಿ ಹಿಂದಕ್ಕೆ ವಾಲಿಸಿ. ರಿಕ್ಲೈನ್ (ಬೆನ್ನೊರಗು ಮಾತ್ರ ಹಿಂದಕ್ಕೆ ಬಾಗುವ ಸೌಲಭ್ಯ) ಇದ್ದರೆ ಅದನ್ನೂ ಕೊನೆಯವರೆಗೆ ಒಯ್ಯಿರಿ. ಆಮೇಲೆ ಪವರ್ ಆಫ್ ಮಾಡಿ, ಕೇಬಲ್ ಸಡಿಲವಾಗಿದ್ದರಷ್ಟೇ ಟೈ ಬಿಗಿಯಿರಿ. ಸಾಮಾನ್ಯವಾಗಿ ಮೋಟಾರ್‌ಗಳಿಗೆ ಕರೆಂಟ್ ಕೊಡುವ ಪವರ್ ಮಾಡ್ಯೂಲ್ ಕೆಳಗೆ ಬೇಸ್‌ನಲ್ಲಿರುತ್ತದೆ, ಜಾಯ್‌ಸ್ಟಿಕ್ ಮೇಲೆ ಕೈ ಇಡುವ ಜಾಗದಲ್ಲಿ. ಸೀಟು ವಾಲಿದಂತೆ, ಈ ಕೇಬಲ್ ಜೋಡಿಸುವ ಇವೆರಡರ ನಡುವಿನ ದೂರ ಬದಲಾಗುತ್ತದೆ. ನೆಟ್ಟಗಿದ್ದಾಗ ಚೆಂದ ಕಾಣಲಿ ಅಂತ ಬಿಗಿದ ಕೇಬಲ್, ವಾಲಿಸಿದಾಗ ಕನೆಕ್ಟರನ್ನೇ ಜಗ್ಗುತ್ತದೆ. ಪ್ಲಗ್ ಅರ್ಧ ಕಳಚಿಕೊಂಡರೆ ಕುರ್ಚಿ ಒಮ್ಮೆ ಓಡುತ್ತದೆ, ಒಮ್ಮೆ ಸುಮ್ನೆ ಎರರ್ ಲೈಟ್ ಮಿಟುಕಿಸಿ ನಿಲ್ಲುತ್ತದೆ. ಇಂಥ ಬಂದುಹೋಗುವ ತೊಂದರೆ ಹುಡುಕುವುದೇ ದೊಡ್ಡ ತಲೆನೋವು ಅಲ್ವಾ? ಬಹಳಷ್ಟು 24 ವೋಲ್ಟ್ ಕುರ್ಚಿಗಳಲ್ಲಿ ಚಾರ್ಜರ್ ಸಿಕ್ಕಿಸುವ ಮೂರು ಪಿನ್ ಸಾಕೆಟ್ ಜಾಯ್‌ಸ್ಟಿಕ್‌ನಲ್ಲೇ ಇರುತ್ತದೆ. ಚಾರ್ಜಿಂಗ್ ಕರೆಂಟ್ ಕೂಡ ಇದೇ ಕೇಬಲ್‌ನಲ್ಲಿ ಇಳಿಯುತ್ತದೆ. ಹಾಗಾಗಿ ಚಾರ್ಜ್ ಆಗದಿದ್ದರೆ ಹೊಸ ಚಾರ್ಜರ್ ಕೊಳ್ಳುವ ಮುಂಚೆ ಜಾಯ್‌ಸ್ಟಿಕ್ ಕೇಬಲ್‌ನ ಪ್ಲಗ್ ಒತ್ತಿ ನೋಡಿ. ಸೀಟು ಮೇಲೇರುವ ಮಾದರಿಯಾದರೆ ವಾಲಿಸಿ ನೋಡಿದ್ದು ಸಾಲದು, ಪೂರ್ತಿ ಎತ್ತರಕ್ಕೂ ಏರಿಸಿ ನೋಡಬೇಕು. ಹಾಗಂತ ಜಾಸ್ತಿ ಸಡಿಲ ಬಿಟ್ಟರೂ ಕಷ್ಟ. ಜೋತುಬಿದ್ದ ಕೇಬಲ್ ಚಕ್ರಕ್ಕೋ ಟಿಲ್ಟ್ ಕೀಲಿನ ಸಂದಿಗೋ ಸಿಕ್ಕಿಕೊಳ್ಳುತ್ತದೆ. ಒಳಗೆ ತಂತಿ ಆಗಲೇ ತುಂಡಾಗಿದ್ದರೆ ಟೈ ಬದಲಿಸಿ ಪ್ರಯೋಜನವಿಲ್ಲ. ಟೇಪ್ ಸುತ್ತಬೇಡಿ, ಕೇಬಲ್ಲನ್ನೇ ಬದಲಿಸಿ. ಹಳೇ ಟೈ ತೆಗೆಯಲು ಬ್ಲೇಡ್ ಬೇಡ, ಕಟರ್ ಬಳಸಿ. ಪ್ಲಗ್ ಬಿಚ್ಚುವುದಾದರೆ ಮೊದಲು ಬ್ಯಾಟರಿ ಕನೆಕ್ಷನ್ ತಪ್ಪಿಸಿ.