ಹಾವು ಮೀನು ತರುವ ಮೊದಲು ಮರಳು ನೋಡಿ

ಅಕ್ವೇರಿಯಂ ಅಂಗಡಿಯಲ್ಲಿ ಟೈರ್ ಟ್ರ್ಯಾಕ್ ಈಲ್ ಅಂತ ಗೇಣುದ್ದದ ಮರಿ ತೋರಿಸುತ್ತಾರೆ. ಅದು ನಮ್ಮ ಕೆರೆ ಹೊಳೆಗಳ ಹಾವು ಮೀನೇ. ಕೈಯಲ್ಲಿ ಹಿಡಿದರೆ ಬೆನ್ನ ಮೇಲಿನ ಸಾಲು ಮುಳ್ಳು ಚುಚ್ಚುತ್ತವಲ್ಲ, ಅದೇ. ಹಗಲೆಲ್ಲ ಮರಳಲ್ಲಿ ಹುದುಗಿ ಮೂತಿ ಮಾತ್ರ ಹೊರಗಿಟ್ಟಿರುತ್ತದೆ. ದೀಪ ಆರಿದ ಮೇಲೆ ಅದರ ಓಡಾಟ. ನೆಂಟರಿಗೆ ತೋರಿಸೋಕೆ ಮೀನು ಬೇಕು ಅನ್ನುವವರು ಗೋಲ್ಡ್ ಫಿಶ್ ತಂದುಕೊಳ್ಳಿ, ಸುಮ್ನೆ ಇದರ ತಂಟೆ ಬೇಡ.

ಚಿಕ್ಕಬಳ್ಳಾಪುರದ ಕಡೆ ಈಗ ಮನೆ ಕಟ್ಟೋಕೆ ತರುವುದು ಎಂ ಸ್ಯಾಂಡ್. ಮಿಕ್ಕಿದ್ದು ಮನೆ ಮುಂದೆ ಬಿದ್ದಿರುತ್ತದೆ, ಎರಡು ಬಾಂಡ್ಲಿ ತೊಳೆದು ಹಾಕಿದರಾಯ್ತು ಅನ್ನಿಸುತ್ತದೆ. ಹಾಕಲೇಬೇಡಿ. ಅದು ಕ್ರಷರ್‌ನಲ್ಲಿ ಒಡೆದ ಕಲ್ಲು, ಕಾಳು ಕಾಳಿಗೂ ಚೂಪು ಅಂಚು. ಈ ಮೀನಿನ ಹುರುಪೆ ತೀರ ಸಣ್ಣದು. ನುಗ್ಗುವಾಗ ಮೈ ತರಚುತ್ತದೆ, ಗಾಯಕ್ಕೆ ಬೂಸ್ಟು ಹಿಡಿಯುತ್ತದೆ. ಅಕ್ವೇರಿಯಂಗೆ ಅಂತಲೇ ಮಾರುವ ನಯವಾದ ಸಣ್ಣ ಮರಳು ತನ್ನಿ. ಒಂದು ಹಿಡಿ ಒದ್ದೆ ಮಾಡಿ ಅಂಗೈಯಲ್ಲಿ ಉಜ್ಜಿ ನೋಡಿ. ಚುರುಚುರು ಅಂದರೆ ವಾಪಸ್ ಕೊಡಿ. ನೀರು ತಿಳಿಯಾಗುವ ತನಕ ತೊಳೆದು 3-4 ಇಂಚು ಹರಡಿ. ಕಲ್ಲಿಡುವುದಾದರೆ ಮೊದಲು ಅದನ್ನು ಗಾಜಿನ ತಳಕ್ಕೇ ಕೂರಿಸಿ, ಆಮೇಲೆ ಮರಳು ಹಾಕಿ. ಇಲ್ಲದಿದ್ದರೆ ಇದು ಅಡಿ ಕೊರೆದು ಕಲ್ಲನ್ನು ಮೈಮೇಲೆ ಕೆಡವಿಕೊಳ್ಳುತ್ತದೆ.

ಮುಚ್ಚಳದ ವಿಷಯದಲ್ಲಿ ಉದಾಸೀನ ಬೇಡ. ಫಿಲ್ಟರ್ ಪೈಪು, ವೈರು ಹೋಗುವ ಸಂದಿ ಸಾಕು ಇದಕ್ಕೆ, ಬೆಳಗ್ಗೆ ಸೋಫಾ ಅಡಿ ಒಣಗಿ ಸಿಗುತ್ತದೆ. ಸಂದಿಗೆಲ್ಲ ಸ್ಪಂಜು ತುರುಕಿ.

ಊಟಕ್ಕೆ ಎರೆಹುಳವೇ ಸರಿ. ಟೊಮೆಟೊ, ದ್ರಾಕ್ಷಿ ತೋಟದಿಂದ ಅಗೆದು ತರಬೇಡಿ, ಅಲ್ಲಿ ಔಷಧಿ ಹೊಡೆದಿರುತ್ತಾರೆ. ಎರೆಗೊಬ್ಬರದ ತೊಟ್ಟಿ ಇರುವವರನ್ನು ಕೇಳಿ. ತೊಳೆದು, ತುಂಡು ಮಾಡಿ, ದೀಪ ಆರಿಸಿ, ಮೂತಿ ಹತ್ತಿರ ಬಿಡಿ. ಹೊಸದಾಗಿ ತಂದಾಗ ಕೆಲವು ದಿನ ಮುಟ್ಟುವುದಿಲ್ಲ. ಗಾಬರಿಯಾಗಿ ಕಾಳಿನ ಆಹಾರ ಸುರಿದರೆ ನೀರು ಕೆಡುತ್ತದೆ, ಅಷ್ಟೇ. ಉಳಿದ ತುಂಡು ಬೆಳಗ್ಗೆ ತೆಗೆದುಬಿಡಿ.

ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ, ಆಂಟಿ ಕ್ಲೋರಿನ್ ಹಾಕಿಯೇ ತುಂಬಿಸಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ. ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿ ಜಾಸ್ತಿ ಅಲ್ವಾ, ಹೀಟರ್ ಇಟ್ಟು 24-26 ಡಿಗ್ರಿಯಲ್ಲಿ ನಿಲ್ಲಿಸಿ. ಕಾಯಿಲೆ ಬಂದರೆ ತಾಮ್ರ ಇರುವ ಔಷಧಿ ಮಾತ್ರ ಬೇಡ, ಇದಕ್ಕೆ ತಡೆಯುವುದಿಲ್ಲ.

ಜೊತೆಗೆ ಗಪ್ಪಿ, ನಿಯಾನ್ ಟೆಟ್ರಾದಂಥ ಸಣ್ಣ ಮೀನು ಬಿಟ್ಟರೆ ಅವು ಅದರ ರಾತ್ರಿ ಊಟ. ಇನ್ನು ಗೇಣುದ್ದದ ಮರಿ ಗೇಣುದ್ದವೇ ಇರುವುದಿಲ್ಲ. ಹೊಳೆಯಲ್ಲಿ ಇದು 90 ಸೆಂಟಿಮೀಟರ್ ತನಕ ಬೆಳೆಯುವ ಜಾತಿ. ತೊಟ್ಟಿಯಲ್ಲಿ ಅಷ್ಟು ಬೆಳೆಯದಿದ್ದರೂ 4 ಅಡಿ ಗಾಜಿಗಿಂತ ಕಡಿಮೆಯಲ್ಲಿ ಸಾಕಬೇಡಿ. ಅಷ್ಟು ಜಾಗ ಇಲ್ಲದ ಮನೆಯವರು ಕುಹ್ಲಿ ಲೋಚ್ ಕೇಳಿ. ಅದೂ ಮರಳಲ್ಲಿ ಹುದುಗುವ, ರಾತ್ರಿ ಓಡಾಡುವ ಮೀನೇ. 4 ಇಂಚಿನ ಆಸುಪಾಸಿಗೆ ನಿಂತುಬಿಡುತ್ತದೆ. ಒಂದೇ ಒಂದು ತರಬೇಡಿ, ಐದಾರು ಒಟ್ಟಿಗೆ ತನ್ನಿ.