ಎರೆಮಣ್ಣಿನ ಊರಲ್ಲಿ ಬ್ಯಾರೆಲ್ ಕಳ್ಳಿ

ಬಳ್ಳಾರಿ, ರಾಯಚೂರಿನ ಬಿಸಿಲಿಗೆ ಬ್ಯಾರೆಲ್ ಕಳ್ಳಿ ಸಾಯುವುದಿಲ್ಲ. ಸಾಯುವುದು ನಮ್ಮ ಎರೆಮಣ್ಣಿನಿಂದ, ಇಲ್ಲವೇ ದಿನಾ ಒಂದು ಚೊಂಬು ನೀರು ಹಾಕುವ ಕೈಯಿಂದ. ಹಳದಿ ಮುಳ್ಳಿನ ಈ ಗುಂಡು ಗಿಡ ಮೆಕ್ಸಿಕೋದ ಕಲ್ಲುಗುಡ್ಡಗಳದ್ದು. ಬಿದ್ದ ಮಳೆ ಬೇರಿನ ಹತ್ತಿರ ನಿಲ್ಲದೆ ಇಳಿದುಹೋಗಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಸಣ್ಣ ಬೇರು ಹರಿಯುತ್ತದೆ.

ಗುಂಡಿ ತೋಡಿ ಉಸುಕು ತುಂಬಿದರಾಯಿತು ಅನ್ನುವವರೇ ಹೆಚ್ಚು. ಸುತ್ತ ಎರೆಮಣ್ಣಿರುವಾಗ ನೀರು ಇಂಗಲು ದಾರಿಯಿಲ್ಲ, ಗುಂಡಿ ಬಾವಿಯಾಗುತ್ತದೆ. ಅದರ ಬದಲು ನೆಲದ ಮೇಲೆ ದಿಬ್ಬ ಕಟ್ಟಿ: ಒಂದಡಿ ಎತ್ತರ, ಮೂರಡಿ ಅಗಲ, ಸುತ್ತಲೂ ಗಾರೆಯಿಲ್ಲದೆ ಜೋಡಿಸಿದ ಕಲ್ಲು. ಎರಡು ಪಾಲು ದಪ್ಪ ಉಸುಕು, ಎರಡು ಪಾಲು ಗರಸು ಅಥವಾ ಕಡಲೆಕಾಳಿನಷ್ಟು ದಪ್ಪದ ಇಟ್ಟಿಗೆ ಚೂರು, ಒಂದು ಪಾಲು ಕೆಮ್ಮಣ್ಣು, ಅರ್ಧ ಪಾಲು ಎರೆಹುಳು ಗೊಬ್ಬರ. ಉಸುಕನ್ನು ಜರಡಿ ಹಿಡಿದು ನುಣುಪಾದದ್ದನ್ನು ತೆಗೆದುಬಿಡಿ, ಅದು ನೀರು ಬಿದ್ದೊಡನೆ ಗಟ್ಟಿಯಾಗಿ ಕೂರುತ್ತದೆ. ಸಿಂಧನೂರು, ಗಂಗಾವತಿ ಕಡೆ ಅಕ್ಕಿ ಗಿರಣಿಯ ಬೂದಿ ಸುಲಭಕ್ಕೆ ಸಿಗುತ್ತದೆ, ಆದರೂ ಇದಕ್ಕೆ ಬೆರೆಸಬೇಡಿ. ಬೂದಿ ಕ್ಷಾರ, ಬೋರಿನ ಗಡಸು ನೀರಿನ ಕ್ಷಾರವೇ ಸಾಕಷ್ಟಿದೆ.

ಕುಂಡದಲ್ಲಿ ಬೆಳೆಸುವುದಾದರೆ ಮಣ್ಣಿನದೇ ಇರಲಿ, ಗಿಡದ ಸುತ್ತ ಎರಡು ಬೆರಳು ಜಾಗ ಬಿಟ್ಟರೆ ಸಾಕು. ದೊಡ್ಡ ಕುಂಡದಲ್ಲಿ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ನರ್ಸರಿಯಿಂದ ತಂದ ಗಿಡದ ಬೇರಿಗೆ ಅಂಟಿದ ಕೋಕೋಪೀಟನ್ನು (ತೆಂಗಿನ ನಾರಿನ ಪುಡಿ) ಒಣಗಿಸಿ, ಕಡ್ಡಿಯಿಂದ ಪೂರ್ತಿ ಉದುರಿಸಿ. ಗಿಡ ಎತ್ತಲು ಗೋಣಿಚೀಲವನ್ನು ಮೂರು ಮಡಿಕೆ ಮಾಡಿ ನಡುವಿಗೆ ಸುತ್ತಿ ಹಿಡಿಯಬೇಕು. ಮುಳ್ಳಿಗೆ ರಬ್ಬರ್ ಕೈಗವಸು ಯಾವ ಲೆಕ್ಕಕ್ಕೂ ಇಲ್ಲ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಕಿತ್ತುಹೋದ ಬೇರು ಮಾಯುವ ತನಕ, ಒಂದು ವಾರ, ನೀರು ಬೇಡ.

ಹಸಿರು ಪರದೆಯ ಕೆಳಗೆ ಬೆಳೆದ ಗಿಡವನ್ನು ಏಪ್ರಿಲ್‌ನಲ್ಲಿ ತಂದು ನೇರ ಮಾಳಿಗೆ ಮೇಲಿಟ್ಟರೆ ಪಡುವಣ ಮಗ್ಗುಲು ಬೆಳ್ಳಗೆ ಬಿಳಿಚಿಕೊಂಡು, ಆಮೇಲೆ ಕಂದು ತೊಗಟೆಯಾಗುತ್ತದೆ. ಆ ಕಲೆ ಮತ್ತೆ ಹಸಿರಾಗುವುದಿಲ್ಲ. ಮೂರು ವಾರ ಬೆಳಗಿನ ಬಿಸಿಲಷ್ಟೇ ಕೊಟ್ಟು ರೂಢಿ ಮಾಡಿಸಿ. ಗಿಡ ಕೊಳ್ಳುವುದಾದರೆ ನವೆಂಬರ್, ಡಿಸೆಂಬರ್ ಒಳ್ಳೆಯ ಕಾಲ.

ನೀರಿನ ಲೆಕ್ಕಕ್ಕೆ ತಾರೀಖಿಗಿಂತ ಊದಿನಕಡ್ಡಿ ಮೇಲು. ಉರಿದು ಉಳಿದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ಹತ್ತು ನಿಮಿಷ ಬಿಟ್ಟು ಎಳೆಯಿರಿ. ಮಣ್ಣು ಅಂಟಿದ್ದರೆ, ತಣ್ಣಗಿದ್ದರೆ ನೀರು ಬೇಡ. ಒಣಗಿದ್ದರೆ ಸಂಜೆ ಹೊತ್ತು, ತಳದ ತೂತಿನಿಂದ ಹರಿಯುವಷ್ಟು ಹಾಕಿ. ಬೇಸಿಗೆಯಲ್ಲಿ ಹತ್ತು ಇಂಚಿನ ಕುಂಡಕ್ಕೆ ಎಂಟು ಹತ್ತು ದಿನಕ್ಕೊಮ್ಮೆ, ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಸಾಕಾಗುತ್ತದೆ. ಮೇ ತಿಂಗಳ ಉರಿಯಲ್ಲಿ ಗಿಡ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ, ಪಾಪ ಬಾಯಾರಿದೆ ಅಂತ ಹೆಚ್ಚು ಹಾಕಬೇಡಿ. ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿದ್ದರೆ ಬೋರಿನ ನೀರು ಬಿಟ್ಟು ಹಿಡಿದಿಟ್ಟ ಮಳೆನೀರು ಹಾಕಿ. ನಮ್ಮ ಕಡೆ ಜೋರು ಮಳೆ ಸೆಪ್ಟೆಂಬರ್‌ನದ್ದು. ಹಿಡಿದು ಸುರಿಯುವಾಗ ಕುಂಡವನ್ನು ಸೂರಿನ ಕೆಳಗೆ ಸರಿಸಿ, ದಿಬ್ಬದ ಮೇಲಿನದಕ್ಕೆ ನಾಲ್ಕು ಗೂಟ ಹುಗಿದು ಮೇಲೆ ತಗಡು ಕಟ್ಟಿ, ಬದಿಗಳಲ್ಲಿ ಗಾಳಿಯಾಡಲಿ.

ವಯಸ್ಸಾದ ಗಿಡದ ಬುಡ ಕಂದಾಗುವುದು ಸಹಜ, ಕೊಳೆಯೂ ಕಂದೇ. ಪೆನ್ನಿನ ಹಿಂಬದಿಯಿಂದ ಒತ್ತಿ ನೋಡಿ: ಕಟ್ಟಿಗೆಯಂತೆ ಗಟ್ಟಿಯಿದ್ದರೆ ಮುಪ್ಪು, ಒಳಗಿಳಿದು ಹುಳಿ ನಾತ ಬಂದರೆ ಕೊಳೆ. ಕೊಳೆತಿದ್ದರೆ ಅಂದೇ ಕಿತ್ತು, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಿಂದ ಬಿಳಿ ತಿರುಳು ಕಾಣುವವರೆಗೂ ಕತ್ತರಿಸುತ್ತ ಹೋಗಬೇಕು, ಪ್ರತಿ ಸಲವೂ ಚಾಕು ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ, ನೆರಳಲ್ಲಿ ಮೂರ್ನಾಲ್ಕು ವಾರ ಒಣಗಿಸಿ, ಒಣ ಉಸುಕಿನ ಮೇಲೆ ಕೂರಿಸಿ. ನಡುವಿನ ದಿಂಡೇ ಕೆಂಪಾಗಿದ್ದರೆ ಅದು ಉಳಿಯುವುದಿಲ್ಲ, ಬಿಟ್ಟುಬಿಡಿ.

ಮುಳ್ಳಿನ ಸಂದಿಯಲ್ಲಿ ಹತ್ತಿಯಂಥದ್ದು ಕಂಡರೆ ಹಿಟ್ಟುತಿಗಣೆ. ಸ್ಪಿರಿಟ್ ಅದ್ದಿದ ಸಣ್ಣ ಕುಂಚದಿಂದ ವಾರಕ್ಕೊಮ್ಮೆ, ನಾಲ್ಕು ಸಲ ಒರೆಸಿ. ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆ ಒಡೆದು ಮತ್ತೆ ಹಬ್ಬುತ್ತದೆ. ನೆತ್ತಿಯ ನಡುವಿನ ಹಳದಿ ಉಣ್ಣೆ ಗಿಡದ್ದೇ, ಹೂವು ಬರುವುದು ಅಲ್ಲಿಂದಲೇ. ಅದನ್ನು ಹುಳವೆಂದು ಕೀಳಬೇಡಿ. ದಾಸವಾಳದ ಪಕ್ಕದಲ್ಲಂತೂ ಈ ಗಿಡ ಇಡಲೇಬೇಡಿ, ತಿಗಣೆ ಅಲ್ಲಿಂದಲೇ ಇರುವೆಯ ಜೊತೆ ಬರುತ್ತದೆ.